ಸೋಮೇಶ್ವರದ ಹತ್ತು ನಿಮಿಷ

ಅಮ್ಮನ ತವರು ಹೆಬ್ರಿ. ನಾವಿದ್ದದ್ದು ಶಿವಮೊಗ್ಗದಲ್ಲಿ. ಹಾಗಾಗಿ ನಮ್ಮ ಪ್ರತಿ ರಜೆಯೂ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಶುರುವಾಗುತ್ತಿತ್ತು, ಅದೇ ಹದಿನಾಲ್ಕು ತಿರುವು ಹತ್ತಿ ಮುಗಿಯುತ್ತಿತ್ತು. ವಾಪಸ್ ಬರುವಾಗ, ಘಾಟಿ ಹತ್ತುವ ಮುಂಚೆ, ಸೋಮೇಶ್ವರದಲ್ಲಿ ಅಪ್ಪ ಕಾರು ನಿಲ್ಲಿಸುತ್ತಿದ್ದರು. ಕಾರಿಗೆ ಏನೂ ಆಗಿರುತ್ತಿರಲಿಲ್ಲ. ಬಾನೆಟ್ ಎತ್ತಿ, ಕೋಲು ಕೊಟ್ಟು, ಬೈರಾಸನ್ನು, ಅಂದರೆ ಟವೆಲ್ಲನ್ನು, ನೀರಲ್ಲಿ ಅದ್ದಿ ಹಿಂಡಿ, ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಮೇಲೆ ಹಾಕುತ್ತಿದ್ದರು. ಆಮೇಲೆ ಮರದ ಕೆಳಗೆ ಸುಮ್ಮನೆ ನಿಲ್ಲುತ್ತಿದ್ದರು. ಗಡಿಯಾರ ನೋಡಿ ಹತ್ತು ನಿಮಿಷ. ದಾರಿಯಲ್ಲಿ ಹೋಗುವವರು ಗಾಡಿ ನಿಧಾನ ಮಾಡಿ, ಏನಾಯ್ತು ಅಂತ ಕೇಳುತ್ತಿದ್ದರು. ಅಪ್ಪನ ಉತ್ತರ ಯಾವಾಗಲೂ ಒಂದೇ. "ಏನೂ ಆಗಿಲ್ಲ. ಸುಮ್ನೆ ನಿಲ್ಸಿದೀನಿ."

ನನಗೆ ಮತ್ತು ಅಕ್ಕನಿಗೆ ಆ ಹತ್ತು ನಿಮಿಷ ಅಂದರೆ ಆಗುತ್ತಿರಲಿಲ್ಲ. ಅಜ್ಜಿ ಮನೆ ಬಿಟ್ಟು ಬಂದ ಬೇಜಾರು ಬೇರೆ. ನಾಳೆ ಶಾಲೆ ಬೇರೆ. ಓಡುತ್ತಿರುವ ಕಾರನ್ನು ಯಾಕೆ ನಿಲ್ಲಿಸಬೇಕು?

ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಕಾರು ನಮ್ಮ ಹತ್ತಿರವೇ ಇದೆ. ಕಳೆದ ಜನವರಿಯಲ್ಲಿ ಅಕ್ಕ ಮತ್ತು ನಾನು ಅದನ್ನು ಎರಡು ದಿನದಲ್ಲಿ ಸುಮಾರು 650 ಕಿಲೋಮೀಟರ್ ಓಡಿಸಿದೆವು. ಮಲೆನಾಡಿನಿಂದ ಕರಾವಳಿಗೆ, ಕರಾವಳಿಯಿಂದ ಮಲೆನಾಡಿಗೆ, ಎರಡು ಸಲ ಇಳಿದು ಎರಡು ಸಲ ಹತ್ತಿ. ಹಳೆ ಕಾರುಗಳ ಮೇಲೆ ಜೀವ ಇಟ್ಟುಕೊಂಡಿರುವ ಹನ್ನೊಂದು ಮನೆಯವರು ಸೇರಿ ನಾವೇ ಮಾಡಿಕೊಂಡ ಓಟ ಇದು. ಕಪ್, ಬಹುಮಾನ ಏನೂ ಇಲ್ಲ. ನಾಲ್ಕು ಫಿಯಟ್, ಮೂರು ಅಂಬಾಸಿಡರ್, ಎರಡು ಸ್ಟ್ಯಾಂಡರ್ಡ್ ಹೆರಾಲ್ಡ್, ಒಂದು ಬೀಟಲ್, ಒಂದು ವಿಲ್ಲಿಸ್ ಜೀಪು.

ನಮ್ಮದು 1978ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಯಾರೂ ಪದ್ಮಿನಿ ಅನ್ನಲ್ಲ, ಫಿಯಟ್ ಅಂತಲೇ. ತಪ್ಪೇನಲ್ಲ, ಮೂಲದಲ್ಲಿ ಅದು ಇಟಲಿಯ ಫಿಯಟ್ 1100. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬಂತು. ಅಪ್ಪ ಅಡಿಕೆ ಮಂಡಿಯಲ್ಲಿದ್ದರು. ದುಡ್ಡು ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಕಾರು ಬಂತಂತೆ. ಆಗೆಲ್ಲ ಹಾಗೇ ಅಲ್ವಾ, ಕಾರು ಕೊಳ್ಳುವುದಕ್ಕಿಂತ ಕಾರಿಗೆ ಕಾಯುವುದೇ ದೊಡ್ಡ ಕೆಲಸ. 1089 ಸಿ.ಸಿ. ಇಂಜಿನ್, ನಲವತ್ತರ ಆಸುಪಾಸು ಕುದುರೆಬಲ. ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಕೋಲು. ಮುಂದೆ ಅಡ್ಡಕ್ಕೆ ಒಂದೇ ಉದ್ದ ಸೀಟು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಈಗಿನ ಒಂದು ಸಣ್ಣ ಕಾರಿನ ಅರ್ಧ ಬಲ. ಆದರೂ ಐದು ಜನ, ಎರಡು ಮೂಟೆ ತೆಂಗಿನಕಾಯಿ, ಒಂದು ಹಲಸಿನಹಣ್ಣು ಹೊತ್ತು ಆ ಘಾಟಿ ಹತ್ತುತ್ತಿತ್ತು.

ಓಟ ಅಂದ ಕೂಡಲೇ ಎಲ್ಲರೂ ಕೇಳುವುದು, ಎಷ್ಟು ಸ್ಪೀಡಲ್ಲಿ ಹೋದ್ರಿ? ಇಂಥ ಓಟದಲ್ಲಿ ಸ್ಪೀಡಿಗೆ ಬೆಲೆಯೇ ಇಲ್ಲ. ಇಷ್ಟು ದೂರವನ್ನು ಇಷ್ಟೇ ಸರಾಸರಿ ವೇಗದಲ್ಲಿ ಹೋಗಬೇಕು ಅಂತ ಮೊದಲೇ ಬರೆದು ಕೊಟ್ಟಿರುತ್ತಾರೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಒಬ್ಬರು ಗಡಿಯಾರ ಹಿಡಿದು ಕೂತಿರುತ್ತಾರೆ, ಎಲ್ಲಿ ಅಂತ ಗೊತ್ತಿರಲ್ಲ. ತಡವಾದರೆ ನಿಮಿಷಕ್ಕೆ ಒಂದು ಅಂಕ ಹೋಯಿತು. ಬೇಗ ಬಂದರೆ ಎರಡು. ಬೇಗ ಬರುವುದು ಜಾಸ್ತಿ ತಪ್ಪು! ಈ ನಿಯಮ ನನಗೆ ತುಂಬಾ ಇಷ್ಟ. ಊರ ದಾರಿಯಲ್ಲಿ ಮಕ್ಕಳು, ದನ, ಸೈಕಲ್ಲು ಎಲ್ಲ ಇರುತ್ತವೆ. ಅಲ್ಲಿ ನುಗ್ಗಿಕೊಂಡು ಹೋಗುವವನಿಗೆ ಶಿಕ್ಷೆ ಇರಲೇಬೇಕು.

ಓಡಿಸುವುದು ನಾನು, ಲೆಕ್ಕ ಅಕ್ಕನದು. ಅವಳು ಮೂವತ್ತು ವರ್ಷ ಗಣಿತ ಕಲಿಸಿದ ಟೀಚರು. ದಾರಿಯ ಪುಸ್ತಕದಲ್ಲಿ ಊರಿನ ಹೆಸರು ಕಡಿಮೆ, ಚಿತ್ರ ಜಾಸ್ತಿ. ಒಂದು ಚುಕ್ಕಿ, ಅಲ್ಲಿಂದ ಹೊರಟ ಗೆರೆ, ತುದಿಯಲ್ಲಿ ಬಾಣ. ಚುಕ್ಕಿ ಅಂದರೆ ನೀವು, ಬಾಣ ಅಂದರೆ ತಿರುಗಬೇಕಾದ ಕಡೆ. ಇದಕ್ಕೆ ಟುಲಿಪ್ ಅನ್ನುತ್ತಾರೆ. ಹಾಲೆಂಡಿನ ಟುಲಿಪ್ ರ‍್ಯಾಲಿಯಿಂದ ಬಂದ ಹೆಸರು. ಅಕ್ಕನಿಗೆ ಅದು ಅರ್ಧ ಗಂಟೆಯಲ್ಲಿ ಬಾಯಿಪಾಠ. ಗಂಟೆಗೆ 36 ಕಿಲೋಮೀಟರ್ ಅಂತ ಇದ್ದರೆ ನಿಮಿಷಕ್ಕೆ 600 ಮೀಟರ್. ಘಾಟಿಯಲ್ಲಿ 24 ಅಂತ ಇದ್ದರೆ 400. ಹಳೆ ಕಾರಿನ ಮೀಟರನ್ನು ಪೂರ್ತಿ ನಂಬುವ ಹಾಗಿಲ್ಲ. ಹಾಗಾಗಿ ಶಿವಮೊಗ್ಗ ಬಿಟ್ಟ ಮೇಲೆ ಮೊದಲ 25 ಕಿಲೋಮೀಟರ್ ಬರೀ ಮೀಟರ್ ಹೊಂದಿಸಿಕೊಳ್ಳುವುದಕ್ಕೆ ಬಿಟ್ಟಿದ್ದರು. ಕುಂಸಿ ಹತ್ತಿರ ಬಂದಾಗ ನಮ್ಮ ಮೀಟರ್ 26 ತೋರಿಸಿತು. ಅಕ್ಕ ಪೆನ್ಸಿಲ್ ತೆಗೆದು ಮೂಲೆಯಲ್ಲಿ ಬರೆದಳು: ನಮ್ಮ 26, ಅವರ 25. ಎರಡು ದಿನವೂ ಪ್ರತಿ ಲೆಕ್ಕವನ್ನೂ ಅದರಿಂದಲೇ ಸರಿಮಾಡಿದಳು.

ಹೊರಡುವ ಮೊದಲು ಮೂರು ತಿಂಗಳ ತಯಾರಿ ಇತ್ತು. ಅದನ್ನೆಲ್ಲ ಬರೆದರೆ ಗ್ಯಾರೇಜಿನ ಬಿಲ್ಲಿನ ಹಾಗೆ ಇರುತ್ತದೆ. ಒಂದು ವಿಷಯ ಮಾತ್ರ ಹೇಳುತ್ತೇನೆ, ಹಳೆ ಕಾರು ಇಟ್ಟುಕೊಂಡವರಿಗೆ ಬೇಕಾದದ್ದು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಅದು ಹಳೆ ಕಾಲದ ರಬ್ಬರನ್ನು ಹಾಳುಮಾಡುತ್ತದೆ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿಗೆ ಅದು ಒಳ್ಳೆಯದಲ್ಲ. ನಮ್ಮ ಮೇಸ್ತ್ರಿ ಪೆಟ್ರೋಲ್ ಪೈಪುಗಳನ್ನೂ ಪಂಪಿನ ಒಳಗಿನ ಡಯಾಫ್ರಮ್ ಅನ್ನುವ ತೆಳು ಪೊರೆಯನ್ನೂ ಹೊಸದು ಹಾಕಿಸಿದರು. ತೆಗೆದ ಹಳೆ ಪೈಪನ್ನು ನನ್ನ ಕೈಗೆ ಕೊಟ್ಟು ಬಗ್ಗಿಸಿ ನೋಡಿ ಅಂದರು. ಬಗ್ಗಿಸಿದರೆ ಒಣಗಿದ ಕೆಸರಿನ ಹಾಗೆ ಬಿರುಕು ಬಿಟ್ಟಿತು. ಅದರೊಳಗೆ ಪೆಟ್ರೋಲು ಹರಿಯುತ್ತಿತ್ತು, ಪಕ್ಕದಲ್ಲೇ ಸುಡುವ ಇಂಜಿನ್. ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅಪ್ಪನಿಗೆ ಇಂಥ ದೂರದ ಓಟಗಳ ಕತೆ ಅಂದರೆ ಪ್ರಾಣ. 1968ರಲ್ಲಿ ಲಂಡನ್ನಿನಿಂದ ಸಿಡ್ನಿಗೆ ಒಂದು ಕಾರ್ ಓಟ ನಡೆದಿತ್ತು. 98 ಕಾರು ಹೊರಟವು. ದಿಲ್ಲಿ ದಾಟಿ ಬೊಂಬಾಯಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಬೊಂಬಾಯಿ ಮುಟ್ಟಿದ್ದು 72. ಕೊನೆಗೆ ಗೆದ್ದದ್ದು ಆಂಡ್ರ್ಯೂ ಕೋವನ್ ಓಡಿಸಿದ ಹಿಲ್ಮನ್ ಹಂಟರ್, ಮನೆಮಂದಿ ಓಡಾಡುವ ಸಾದಾ ಕಾರು. ಮುಂದಿದ್ದ ಲೂಸಿಯನ್ ಬಿಯಾಂಕಿಯ ಸಿಟ್ರೊಯೆನ್ನಿಗೆ, ಇನ್ನೇನು ಮುಗಿಯಿತು ಅನ್ನುವಾಗ, ಎದುರಿನಿಂದ ಬಂದ ಕಾರು ಡಿಕ್ಕಿ ಹೊಡೆದಿತ್ತು. ಅಪ್ಪ ಆ ಕತೆ ಹೇಳುವಾಗ ಗೆದ್ದವನಿಗಿಂತ ಜಾಸ್ತಿ ಬಿಯಾಂಕಿಯ ಬಗ್ಗೆಯೇ ಮಾತಾಡುತ್ತಿದ್ದರು. ಅಷ್ಟು ದೂರ ಬಂದಿದ್ದ ಪಾಪ, ಅಂತ.

ನನಗೆ ಹಿಡಿಸುವುದು ಅದಕ್ಕಿಂತ ಹಳೆಯದು, 1907ರ ಪೀಕಿಂಗ್–ಪ್ಯಾರಿಸ್ ಓಟ. ಪೀಕಿಂಗ್ ಅಂದರೆ ಈಗಿನ ಬೀಜಿಂಗ್. ಐದು ಗಾಡಿ ಹೊರಟವು, ನಾಲ್ಕು ಮುಟ್ಟಿದವು. ಇಟಲಿಯ ಕುಲೀನ ಮನೆತನದ ಸಿಪಿಯೋನೆ ಬೋರ್ಗೆಸೆ ಇಟಾಲಾ ಕಾರಿನಲ್ಲಿ ಜೂನ್ 10ಕ್ಕೆ ಹೊರಟು ಆಗಸ್ಟ್ 10ಕ್ಕೆ ಪ್ಯಾರಿಸ್ ಸೇರಿದ. ಓಟಕ್ಕೆ ಮುಂಚೆ ಅವನೊಂದು ಕೆಲಸ ಮಾಡಿದ್ದ. ಕಾರಿನ ಅಗಲಕ್ಕೆ ಸರಿಯಾಗಿ ಒಂದು ಬಿದಿರು ಕಡಿಸಿ, ಕುದುರೆ ಹತ್ತಿ, ಪೀಕಿಂಗ್ ಆಚೆಯ ಬೆಟ್ಟದ ದಾರಿಗಳನ್ನು ಅಳೆದು ಬಂದಿದ್ದ. ಬಿದಿರು ಹಿಡಿಸಿದರೆ ಕಾರೂ ಹಿಡಿಸುತ್ತದೆ. ಮುಂದೆ ರಷ್ಯಾದಲ್ಲಿ ಮರದ ಸೇತುವೆ ಮುರಿದು ಅವನ ಕಾರು ಹಿಂದುಮುಂದಾಗಿ ಕೆಳಗೆ ಬಿತ್ತು. ಆಮೇಲೆ ಚಕ್ರವೂ ಮುರಿಯಿತು. ಹಳ್ಳಿಯ ಬಡಗಿಯೊಬ್ಬ ಕೊಡಲಿಯಲ್ಲಿ ಕೆತ್ತಿ ಅದನ್ನು ಸರಿಮಾಡಿಕೊಟ್ಟ. ಆ ಬಿದಿರಿನ ವಿಷಯ ಓದಿದಾಗ ನನಗೆ ನೆನಪಾದದ್ದು ನಮ್ಮಪ್ಪ. ಮಳೆಗಾಲದಲ್ಲಿ ಸಣ್ಣ ಸೇತುವೆಗಳ ಮೇಲೆ ಕೆಂಪು ನೀರು ಹರಿಯುತ್ತಿದ್ದರೆ ಅವರು ಕಾರು ನಿಲ್ಲಿಸಿ, ಪಂಚೆ ಎತ್ತಿಕಟ್ಟಿ, ಕೊಡೆಯನ್ನು ನೀರಿಗೆ ಊರುತ್ತಾ ತಾವೇ ಮೊದಲು ಆಚೆ ದಡದವರೆಗೆ ನಡೆದು ನೋಡಿ ಬರುತ್ತಿದ್ದರು. ನಾವು ಒಳಗೆ ಕೂತು ಅವರ ಮೊಣಕಾಲನ್ನೇ ನೋಡುತ್ತಿದ್ದೆವು, ನೀರು ಎಲ್ಲಿಗೆ ಬಂತು ಅಂತ.

ಬೆಳಗಿನ ಜಾವ ನಾಲ್ಕಕ್ಕೆ ಶಿವಮೊಗ್ಗ ಬಿಟ್ಟೆವು. ಆಯನೂರು, ಆನಂದಪುರ, ಸಾಗರ. ಮಂಜು ಎಷ್ಟಿತ್ತೆಂದರೆ ಮುಂದಿನ ಹೆರಾಲ್ಡಿನ ಕೆಂಪು ದೀಪ ಬಿಟ್ಟರೆ ಏನೂ ಇಲ್ಲ. ಹಳೆ ಡೈನಮೋದ ಹಳದಿ ಬೆಳಕು ಮಂಜನ್ನು ಸೀಳುವುದಿಲ್ಲ, ಅದರೊಳಗೇ ಕರಗುತ್ತದೆ. ಜೋಗದಲ್ಲಿ ಇಳಿದು ನೋಡಲು ಪುರುಸೊತ್ತಿರಲಿಲ್ಲ. ಮಾವಿನಗುಂಡಿ ದಾಟಿ ಗೇರುಸೊಪ್ಪೆ ಘಾಟಿ ಇಳಿಯುವಾಗ ಬೆಳಕಾಯಿತು. ಎಡಕ್ಕೆ ಶರಾವತಿಯ ಕಣಿವೆ, ತುಂಬಾ ಬಿಳಿ ಮಂಜು.

ಘಾಟಿ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಡ್ರಮ್ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಹೋಗುತ್ತದೆ. ಪೆಡಲು ಕಾಲಡಿಯಲ್ಲಿ ಮೆತ್ತಗಾಗುತ್ತಾ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿ ಅಂತ ಅಪ್ಪ ಹೇಳಿಕೊಟ್ಟಿದ್ದರು. ಸೆಕೆಂಡ್ ಗೇರಿಗೆ ಹಾಕಿ ಬಿಟ್ಟರೆ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ತಿರುವಿಗೆ ಮುಂಚೆ ಒಂದು ಸಲ ಬ್ರೇಕ್, ಆಮೇಲೆ ಕಾಲು ತೆಗಿ. ನನ್ನ ಹೊಸ ಕಾರಿನಲ್ಲಿ ಇದೇ ಘಾಟಿಯನ್ನು ಎಷ್ಟೋ ಸಲ ಇಳಿದಿದ್ದೇನೆ. ಎಲ್ಲಿ ಇಳಿಜಾರು ಜಾಸ್ತಿ, ಎಲ್ಲಿ ಸ್ವಲ್ಪ ಸಮತಟ್ಟು ಬಂದು ಮತ್ತೆ ಇಳಿಯುತ್ತದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಆವತ್ತು ಗೊತ್ತಾಯಿತು. ಇಂಜಿನ್ನಿನ ಸದ್ದು ದಪ್ಪಗಾದರೆ ಇಳಿಜಾರು, ತೆಳ್ಳಗಾದರೆ ಸಮತಟ್ಟು. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು, ನಿದ್ದೆ ಅಂದುಕೊಂಡೆ. "ಈಗ ಎಡಕ್ಕೆ ತಿರುಗ್ತೀಯಾ ನೀನು" ಅಂದಳು. ತಿರುವು ಎಡಕ್ಕೇ ಇತ್ತು.

ಹೊನ್ನಾವರದಲ್ಲಿ ಬಿಸಿ ಬನ್ಸ್ ತಿಂದೆವು. ಅಲ್ಲಿಂದ ಭಟ್ಕಳ, ಬೈಂದೂರು, ಕುಂದಾಪುರ. ಹೆದ್ದಾರಿ ಅಗಲ, ನೇರ. ನೋಡಲು ಸುಲಭ ಅನಿಸುತ್ತದೆ, ಹಳೆ ಕಾರಿಗೆ ಇದೇ ಕೆಟ್ಟದ್ದು. ಒಂದೇ ಸಮ ಅರವತ್ತರಲ್ಲಿ ಗಂಟೆಗಟ್ಟಲೆ ಓಡುತ್ತಾ ಇಂಜಿನ್ ಒಳಗೊಳಗೇ ಕಾಯುತ್ತದೆ, ಮೇಲಿನಿಂದ ಕರಾವಳಿಯ ಬಿಸಿಲು. ಕುಂದಾಪುರದಿಂದ ಸಿದ್ದಾಪುರ ದಾಟಿ ಹೊಸಂಗಡಿಗೆ ಬರುವಾಗ ಮಧ್ಯಾಹ್ನ ಒಂದು ಗಂಟೆ. ಮುಂದೆ ಬಾಳೆಬರೆ ಘಾಟಿ. ನಮ್ಮ ಕಡೆ ಹುಲಿಕಲ್ ಘಾಟಿ ಅನ್ನುವುದೇ ಜಾಸ್ತಿ. ಅಕ್ಕ ಕಾಗದ ನೋಡಿ, "ಆರು ನಿಮಿಷ ಲೇಟಿದೀವಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲೊಂದು ನಿಲ್ಲಿಸೋದಾ?" ಅಂತಲೂ ಕೇಳಿದಳು.

ನಾನು ನಿಲ್ಲಿಸಲಿಲ್ಲ. ಟೆಂಪರೇಚರ್ ಮುಳ್ಳು ಸರಿಯಾಗಿಯೇ ಇತ್ತು. ಆರು ನಿಮಿಷ ತಲೆಯಲ್ಲಿ ಕೂತಿತ್ತು.

ಅರ್ಧ ಘಾಟಿಯಲ್ಲಿ ಕಾರು ಒಮ್ಮೆ ಕೆಮ್ಮಿತು. ಆಮೇಲೆ ಎರಡು ಸಲ ಮುಗ್ಗರಿಸಿತು. ಆಕ್ಸಿಲರೇಟರ್ ಒತ್ತಿದರೆ ಬಲವೇ ಇಲ್ಲ. ಒಂದು ತಿರುವಿನ ಹೊರಬದಿಗೆ ಹೇಗೋ ತಂದು ಹ್ಯಾಂಡ್‌ಬ್ರೇಕ್ ಎಳೆದೆ. ಅಕ್ಕ ನಾನು ಹೇಳುವ ಮೊದಲೇ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ಚಿಕ್ಕಂದಿನಲ್ಲಿ ಅದು ಅವಳದೇ ಕೆಲಸ.

ಬಾನೆಟ್ ಎತ್ತಿದೆ. ನೀರು ಕುದಿದಿರಲಿಲ್ಲ. ಪಂಪು ಮುಟ್ಟಿದೆ, ಬೆರಳು ಚುರ್ ಅಂತು. ಇಂಜಿನ್ ಪೂರ್ತಿ ತಣ್ಣಗಾಗುವಷ್ಟು ತಾಳ್ಮೆ ಇರಬೇಕಿತ್ತು. ಹತ್ತು ನಿಮಿಷ ಬಿಟ್ಟು ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಿಚ್ಚಿ, ತುದಿಯನ್ನು ಬಾಟಲಿಗೆ ಹಿಡಿದು, ಅಕ್ಕನಿಗೆ ಸ್ಟಾರ್ಟರ್ ತಿರುಗಿಸಲು ಹೇಳಿದೆ. ಪೆಟ್ರೋಲು ಚಿಮ್ಮಬೇಕಿತ್ತು. ಬಂದದ್ದು ಬರೀ ನೊರೆ, ಪುಸ್ ಪುಸ್ ಅಂತ ಗಾಳಿ. ಇದು ಹಳೆ ಕಾರಿನ ಹಳೆ ಕಾಯಿಲೆ. ಪಂಪು ಇಂಜಿನ್ನಿಗೇ ಅಂಟಿಕೊಂಡಿದೆ. ಇಂಜಿನ್ನಿನ ಕಾವಿಗೆ ಪೈಪಿನೊಳಗಿನ ಪೆಟ್ರೋಲೇ ಆವಿಯಾಗುತ್ತದೆ. ಪಂಪಿಗೆ ಗೊತ್ತಿರುವುದು ದ್ರವವನ್ನು ತಳ್ಳುವುದು, ಆವಿಯನ್ನು ತಳ್ಳಲು ಅದಕ್ಕೆ ಆಗಲ್ಲ. ಟ್ಯಾಂಕ್ ತುಂಬಾ ಪೆಟ್ರೋಲಿದ್ದರೂ ಕಾರು ಉಪವಾಸ. ಸಮತಟ್ಟಿನಲ್ಲಿ ಎದುರುಗಾಳಿ ಸ್ವಲ್ಪವಾದರೂ ತಣ್ಣಗಿಡುತ್ತದೆ. ಘಾಟಿಯಲ್ಲಿ ವೇಗವೂ ಇಲ್ಲ, ಗಾಳಿಯೂ ಇಲ್ಲ, ಇಂಜಿನ್ನಿಗೆ ಕೆಲಸ ಮಾತ್ರ ದುಪ್ಪಟ್ಟು.

ಅಕ್ಕ ತನ್ನ ಚೀಲದಿಂದ ಬೈರಾಸು ತೆಗೆದಳು. ಅಪ್ಪನದೇ, ಕೆಂಪು ಅಂಚಿನದು. ಅದನ್ನು ತಂದಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಐವತ್ತು ಹೆಜ್ಜೆ ಕೆಳಗೆ ಬಂಡೆಯಿಂದ ಸಣ್ಣ ಝರಿ ಇಳಿಯುತ್ತಿತ್ತು. ಅದ್ದಿಕೊಂಡು ಬಂದು, ಹಿಂಡಿ, ನಾಲ್ಕು ಮಡಿಕೆ ಮಾಡಿ, ಪಂಪಿನ ಸುತ್ತ ಹೊದಿಸಿದಳು. ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ ಅಂಗೈಯಲ್ಲಿ ಒತ್ತಿ ಹಿಡಿದಳು. ಬಟ್ಟೆಯಿಂದ ಹಬೆ ಎದ್ದಿತು. ಒಣಗುತ್ತಾ ಬಂದ ಹಾಗೆ ಮತ್ತೆ ಝರಿಗೆ ಹೋದಳು. ನಾನು ಹೋಗ್ತೀನಿ ಅಂದರೆ, "ನೀನು ಕಾರಿನ ಹತ್ರ ಇರು ಮಾರಾಯ" ಅಂದಳು. ಬೈಯಲಿಲ್ಲ. ಆರು ನಿಮಿಷದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಹಿಂದೆ ಬರುತ್ತಿದ್ದ ಅಂಬಾಸಿಡರಿನ ದಂಪತಿ ನಿಲ್ಲಿಸಿದರು. ನಮ್ಮ ಓಟದಲ್ಲಿ ಇನ್ನೊಬ್ಬರಿಗೆ ನೆರವಾದ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಡ ಅಂದರೂ ಕೇಳದೆ ಒಂದು ಕ್ಯಾನ್ ನೀರು ಇಟ್ಟು, ಹುಳಿಯವಲಕ್ಕಿಯ ಡಬ್ಬಿಯನ್ನೂ ಕೊಟ್ಟು ಹೋದರು. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ತಿಂದೆವು. ಕೆಳಗೆ ಕಾಡು, ಅದರಾಚೆ ಬಿಸಿಲಿಗೆ ಮಬ್ಬಾದ ಕರಾವಳಿ. ಒಂದು ಸಿಂಗಳೀಕ ಮರದಿಂದ ಮರಕ್ಕೆ ಹಾರಿತು. ಬೇರೆ ದಿನವಾಗಿದ್ದರೆ ಕುಣಿದುಬಿಡುತ್ತಿದ್ದೆ. ಆವತ್ತು ಪಂಪಿನ ಮೇಲೇ ಕಣ್ಣು.

ನಲವತ್ತು ನಿಮಿಷವಾದ ಮೇಲೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಘಾಟಿಯ ದೇವಿ ಗುಡಿಯ ಮುಂದೆ ಅಕ್ಕ ಕಿಟಕಿಯಿಂದಲೇ ಕೈ ಮುಗಿದಳು. ಮಾಸ್ತಿಕಟ್ಟೆ, ನಗರ, ತೀರ್ಥಹಳ್ಳಿ ದಾಟಿ ಶೃಂಗೇರಿ ಸೇರಿದಾಗ ಕತ್ತಲಾಗಿತ್ತು. ಹನ್ನೊಂದರಲ್ಲಿ ನಮ್ಮದು ಹತ್ತನೆಯದು. ಮಠದಲ್ಲಿ ಊಟ ಮಾಡಿ ಮಲಗಿದೆ. ತುಂಗೆಯ ಸದ್ದು ಕೇಳುತ್ತಿತ್ತು. ಕಣ್ಣು ಮುಚ್ಚಿದರೆ ತಿರುವುಗಳೇ ಬರುತ್ತಿದ್ದವು.

ಎರಡನೇ ದಿನದ ಅರ್ಧ ಹಾಗೆಯೇ ಹೋಯಿತು. ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಮಾಳ ಘಾಟಿ ಇಳಿದು ಬಜಗೋಳಿ, ಕಾರ್ಕಳ. ಹೇಳುವಂಥದ್ದೇನೂ ಆಗಲಿಲ್ಲ. ದೂರದ ಓಟದಲ್ಲಿ ಏನೂ ಆಗದ ಗಂಟೆಗಳೇ ಜಾಸ್ತಿ ಇರಬೇಕು, ಇಲ್ಲದಿದ್ದರೆ ಯಾವ ಕಾರೂ ಊರು ಮುಟ್ಟುವುದಿಲ್ಲ. ಹೆಬ್ರಿಯಲ್ಲಿ ಅಜ್ಜಿ ಮನೆಯ ದಾರಿಯ ಹತ್ತಿರ ಇಬ್ಬರೂ ಒಟ್ಟಿಗೇ ಬಲಕ್ಕೆ ನೋಡಿದೆವು. ಅಲ್ಲಿ ಈಗ ಬೇರೆಯವರ ಮನೆ ಇದೆ.

ಸೋಮೇಶ್ವರಕ್ಕೆ ಬರುವಾಗ ಸಂಜೆ ನಾಲ್ಕು. ಅಕ್ಕನ ಲೆಕ್ಕದಲ್ಲಿ ನಾವು ಸರಿಯಾದ ಹೊತ್ತಿಗೇ ಇದ್ದೆವು. ಒಂದು ನಿಮಿಷವೂ ಹೆಚ್ಚು ಕಮ್ಮಿ ಇಲ್ಲ. ಇಲ್ಲಿ ನಿಲ್ಲಿಸಿದರೆ ಹತ್ತು ನಿಮಿಷಕ್ಕೆ ಹತ್ತು ಅಂಕ ಹೋಗುತ್ತದೆ, ಆಗುಂಬೆಯವರೆಗೆ ಅದನ್ನು ಹಿಡಿಯಲು ಆಗುವುದಿಲ್ಲ. ಅಕ್ಕ ಈ ಸಲ ಏನೂ ಕೇಳಲಿಲ್ಲ. ಪೆನ್ಸಿಲನ್ನು ಪುಸ್ತಕದೊಳಗೆ ಇಟ್ಟು ಮುಚ್ಚಿದಳು. ನಾನು ಎಡಕ್ಕೆ ತೆಗೆದುಕೊಂಡೆ.

ಬಾನೆಟ್ ಎತ್ತಿ ಕೋಲು ಕೊಟ್ಟೆ. ಅಕ್ಕ ಬೈರಾಸು ಅದ್ದಿ ತಂದಳು. ಅಪ್ಪ ನಿಲ್ಲುತ್ತಿದ್ದ ಮರ ಅದೇನಾ ಅಂತ ಇಬ್ಬರಿಗೂ ಖಾತ್ರಿ ಇರಲಿಲ್ಲ, ಆದರೂ ಅಲ್ಲೇ ನಿಂತೆವು. ಕಾರಿನ ಕಡೆ ಕಿವಿಗೊಟ್ಟರೆ ಕಾದ ಕಬ್ಬಿಣ ತಣ್ಣಗಾಗುವ ಸಣ್ಣ ಸದ್ದು. ಟಿಕ್, ಟಿಕ್. ಮೊದಲು ಬೇಗ ಬೇಗ, ಆಮೇಲೆ ನಿಧಾನ. ಮಗುವಾಗಿದ್ದಾಗ ಈ ಸದ್ದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಅಪ್ಪ ನೋಡುತ್ತಿದ್ದದ್ದು ಗಡಿಯಾರ ಅಂದುಕೊಂಡಿದ್ದೆ. ಅವರು ಕೇಳುತ್ತಿದ್ದದ್ದು ಇದನ್ನು ಇರಬೇಕು. ಹಿಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳು, ಎದುರಿಗೆ ಹದಿನಾಲ್ಕು ತಿರುವು, ಮಧ್ಯದಲ್ಲಿ ನಿಲ್ಲಿಸಿದರೆ ಸಹಾಯಕ್ಕೆ ಯಾರೂ ಇಲ್ಲದ ಕಾಲ. ಆ ಮನುಷ್ಯ ನಮಗಾಗಿ ಎಷ್ಟು ಸಲ ಇಲ್ಲಿ ನಿಂತಿದ್ದಾರೋ.

ಒಂದು ದೊಡ್ಡ ಬಿಳಿ ಕಾರು ಪಕ್ಕದಲ್ಲಿ ಬಂದು ನಿಧಾನವಾಯಿತು. ಓಡಿಸುತ್ತಿದ್ದ ಹುಡುಗ ಗ್ಲಾಸ್ ಇಳಿಸಿದ. "ಅಂಕಲ್, ಏನಾಯ್ತು? ಹೆಲ್ಪ್ ಬೇಕಾ?"

"ಏನೂ ಆಗಿಲ್ಲಪ್ಪ. ಸುಮ್ನೆ ನಿಲ್ಸಿದೀವಿ" ಅಂದೆ.

ಅಕ್ಕ ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಘಾಟಿಯನ್ನು ಸೆಕೆಂಡ್ ಗೇರಿನಲ್ಲೇ ಹತ್ತಿದೆವು, ತಿರುವುಗಳಲ್ಲಿ ಮಾತ್ರ ಫಸ್ಟ್. ಚಿಕ್ಕಂದಿನ ಹಾಗೆ ಅಕ್ಕ ಜೋರಾಗಿ ಎಣಿಸಿದಳು. ಎಂಟನೇ ತಿರುವಿನ ಹತ್ತಿರ ನಮ್ಮ ಗುಂಪಿನ ಬೀಟಲ್ ನಿಂತಿತ್ತು, ಹಿಂದಿನ ಬಾಗಿಲು ತೆರೆದುಕೊಂಡು. ಅದರ ಇಂಜಿನ್ ಇರುವುದು ಹಿಂದೆ. ನಾವೂ ನಿಲ್ಲಿಸಿದೆವು. ಫ್ಯಾನ್ ಬೆಲ್ಟ್ ಹರಿದಿತ್ತು, ಅವರ ಹತ್ತಿರ ಇನ್ನೊಂದು ಇತ್ತು. ಅದನ್ನು ಹಾಕುವವರೆಗೆ ಟಾರ್ಚ್ ಹಿಡಿದು ನಿಂತೆ. ಆಗುಂಬೆ ಮುಟ್ಟಿದಾಗ ಸೂರ್ಯ ಮುಳುಗಿ ಆಗಿತ್ತು. ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗದಲ್ಲಿ ಕೊನೆಯ ಗೆರೆ ದಾಟುವಾಗ ರಾತ್ರಿ ಒಂಬತ್ತೂವರೆ. ಹನ್ನೊಂದೂ ಕಾರುಗಳು ತಮ್ಮ ಚಕ್ರದ ಮೇಲೇ ಮನೆ ಸೇರಿದವು. ನಾವು ಎಂಟನೆಯವರು.

ಮನೆಗೆ ಬಂದು ಕಾರನ್ನು ಶೆಡ್ಡಿಗೆ ಹಾಕಿ ಇಂಜಿನ್ ಆಫ್ ಮಾಡಿದೆ. ಇಬ್ಬರೂ ಇಳಿಯಲಿಲ್ಲ. ಟಿಕ್ ಟಿಕ್ ಸದ್ದು ಪೂರ್ತಿ ನಿಲ್ಲುವವರೆಗೆ ಕೂತಿದ್ದೆವು. ಆಮೇಲೆ ಅಕ್ಕ ಬೈರಾಸನ್ನು ತೆಗೆದುಕೊಂಡು ಹೋಗಿ, ಸೋಪು ಹಾಕದೆ ಬರೀ ನೀರಲ್ಲಿ ಜಾಲಿಸಿ, ಹಿತ್ತಲ ತಂತಿಯ ಮೇಲೆ ಒಣಹಾಕಿದಳು. ಬೆಳಿಗ್ಗೆ ನೋಡಿದರೆ ಇನ್ನೂ ಪೆಟ್ರೋಲಿನ ವಾಸನೆ ಬರುತ್ತಿತ್ತು.